ಭಾನುವಾರದ ಹೊಲ: ಮಕ್ಕಳಿಗೆ ಏನು ಕೆಲಸ, ಹಿರಿಯರಿಗೆ ಏನು ಮಾತು?

ಪ್ರಶ್ನೆ: ನಾವು ಪುಣೆಯ ಕಾತ್ರಜ್ ಸುತ್ತಮುತ್ತ ಇರುವ ಐದು ಕನ್ನಡ ಕುಟುಂಬಗಳು. ಎಲ್ಲರೂ ಸೇರಿ ಸಾಸವಡದ ಹತ್ತಿರ ಎರಡು ಎಕರೆ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದಿದ್ದೇವೆ. ಇಂಡಿ ತಾಲೂಕಿನ ಗಂಡ ಹೆಂಡತಿ ಅಲ್ಲಿಯೇ ಇದ್ದು ಹೊಲ ನೋಡಿಕೊಳ್ಳುತ್ತಾರೆ. ಫೆಬ್ರವರಿಯಿಂದ ಎರಡು ವಾರಕ್ಕೊಮ್ಮೆ, ಭಾನುವಾರ, ಮಕ್ಕಳನ್ನು ಕರೆದೊಯ್ಯುತ್ತಿದ್ದೇವೆ. ಐದರಿಂದ ಹದಿನಾಲ್ಕು ವರ್ಷದ ಹನ್ನೆರಡು ಮಕ್ಕಳು, ಹೆಚ್ಚುಕಡಿಮೆ ಅಷ್ಟೇ ಹಿರಿಯರು. ಮೊದಲ ಸಲ ಟೊಮೆಟೊ ಕಿತ್ತು, ಎತ್ತಿನ ಗಾಡಿ ಹತ್ತಿ ಕುಣಿದಾಡಿದ ಮಕ್ಕಳು ಮೂರನೆಯ ಸಲಕ್ಕೆ ಮೊಬೈಲ್ ಕೇಳಿದರು. ತಂದೆಯರು ಬೇವಿನ ಮರದ ಕೆಳಗೆ ಇಸ್ಪೀಟು ಆಡುತ್ತಾರೆ. ವಿಜಯಪುರದ ಕಡೆಯ ಊರಿನಿಂದ ಬಂದಿರುವ, ಐವತ್ತು ವರ್ಷ ಬೇಸಾಯ ಮಾಡಿದ ನಮ್ಮ ಮಾವನವರು ನಾನು ಹೇಳುವುದನ್ನೆಲ್ಲ ತಿದ್ದುತ್ತಾರೆ. ಮಕ್ಕಳಿಗೂ ಹಿರಿಯರಿಗೂ ಹೊಲದಲ್ಲಿ ಕಲಿಸುವುದು ಹೇಗೆ? ಇದಕ್ಕೊಂದು ಪಠ್ಯಕ್ರಮ ಇದೆಯೇ? ಜೂನ್‌ನಲ್ಲಿ ಹೊಸದಾಗಿ ಶುರು ಮಾಡಬೇಕೆಂದಿದ್ದೇವೆ.
– ಒಬ್ಬ ತಾಯಿ, ಪುಣೆ

ಉತ್ತರ: ಇಸ್ಪೀಟು ಆಡುವ ತಂದೆಯರ ಬಗ್ಗೆ ಓದಿ ನಕ್ಕೆ. ಆಮೇಲೆ ಅವರ ಪರವಾಗಿಯೇ ವಾದಿಸಬೇಕು ಅನ್ನಿಸಿತು. ಅವರಿಗೆ ಅಲ್ಲಿ ಮಾಡಲು ಬೇರೆ ಏನಿತ್ತು ಹೇಳಿ? ನೀವು ಹೊಲವನ್ನು ಜಾತ್ರೆಯ ಹಾಗೆ ತೋರಿಸಿದ್ದೀರಿ. ಜಾತ್ರೆಯನ್ನು ಯಾರೂ ಮೂರು ಸಲ ನೋಡುವುದಿಲ್ಲ. ಟೊಮೆಟೊ ಕೀಳುವುದು ಬೆಳೆಯ ಕಟ್ಟಕಡೆಯ ಕೆಲಸ. ಅದರ ಹಿಂದಿನ ಮೂರು ತಿಂಗಳಲ್ಲಿ ಮಕ್ಕಳ ಕೈ ಇರಲಿಲ್ಲ. ಹಾಗಾಗಿ ಅವರಿಗೆ ಅದು ತರಕಾರಿ ಅಂಗಡಿಯ ಬುಟ್ಟಿಯೇ, ಸ್ವಲ್ಪ ದೂರದಲ್ಲಿರುವ ಬುಟ್ಟಿ ಅಷ್ಟೆ.

ಪಠ್ಯಕ್ರಮ ಬೇಕು ಎಂದಿದ್ದೀರಿ. ನಿಮ್ಮ ಹೊಲಕ್ಕೆ ಈ ಹಂಗಾಮಿನಲ್ಲಿ ಯಾವ ಕೆಲಸ ಬೇಕೋ ಅದೇ ಪಠ್ಯಕ್ರಮ. ಮಕ್ಕಳಿಗಾಗಿ ಹುಟ್ಟುಹಾಕಿದ ಕೆಲಸವನ್ನು ಮಕ್ಕಳು ಕೂಡಲೇ ಕಂಡುಹಿಡಿಯುತ್ತಾರೆ. ಈ ವಿಚಾರ ಹೊಸದೇನಲ್ಲ. 1937ರಲ್ಲಿ ವರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಎಂಬ ಶಿಕ್ಷಣ ಪದ್ಧತಿಯ ತಿರುಳು ಇದೇ: ಕೈಕೆಲಸ ಒಂದು ವಿಷಯವಾಗಿ ಪಕ್ಕದಲ್ಲಿ ಕುಳಿತಿರಬಾರದು, ಲೆಕ್ಕ, ವಿಜ್ಞಾನ, ಭಾಷೆ ಎಲ್ಲವೂ ಅದರ ಒಳಗಿನಿಂದ ಬರಬೇಕು. ಅದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ನಿಮ್ಮ ಜಿಲ್ಲೆಯಲ್ಲಿಯೇ ನೋಡಿ ಬನ್ನಿ. ಶಿರೂರು ತಾಲೂಕಿನ ಪಾಬಳದಲ್ಲಿ ಡಾ. ಶ್ರೀನಾಥ ಕಲಬಾಗ್ 1983ರಲ್ಲಿ ಕಟ್ಟಿದ ವಿಜ್ಞಾನ ಆಶ್ರಮವಿದೆ. ಅಲ್ಲಿ ಹುಡುಗರು ಕಲಿಯುವುದಕ್ಕೆಂದು ಮಾಡುವ ಕೆಲಸ ನಿಜವಾಗಿ ಯಾರಿಗೋ ಬೇಕಾಗಿರುವ ಕೆಲಸ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೆಯ ತರಗತಿಯ ನಡುವೆ ಹತ್ತು ದಿನ ಚೀಲವಿಲ್ಲದೆ ಬಡಗಿ, ತೋಟಗಾರ, ಕುಂಬಾರರ ಬಳಿ ಕಲಿಯಲಿ ಎನ್ನುತ್ತದೆ. ನಿಮ್ಮ ಮಕ್ಕಳ ಶಾಲೆಯವರು ಒಪ್ಪಿದರೆ ನಿಮ್ಮ ಹೊಲವೇ ಆ ಹತ್ತು ದಿನಗಳ ಜಾಗವಾಗಬಹುದು. ಆದರೆ ಅದು ಮುಂದಿನ ವರ್ಷದ ಮಾತು.

ಮೊದಲು ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಧಾರವಾಡದಲ್ಲಿ ಕೃಷಿ ವಿಸ್ತರಣೆ ಕಲಿಸುತ್ತಿದ್ದ ದಿನಗಳಲ್ಲಿ ನಲವತ್ತು ಮಕ್ಕಳಿಂದ ನಲವತ್ತು ಸಸಿ ನೆಡಿಸಿದೆ. ಪ್ರತಿ ಸಸಿಗೂ ಮಗುವಿನ ಹೆಸರು ಬರೆದ ತಗಡಿನ ಫಲಕ. ಫೋಟೊ ಚೆನ್ನಾಗಿ ಬಂತು. ಎರಡು ತಿಂಗಳ ನಂತರ ಅದೇ ಮಕ್ಕಳನ್ನು ಕರೆದುಕೊಂಡು ಹೋದಾಗ ಫಲಕಗಳು ನೆಟ್ಟಗೆ ನಿಂತಿದ್ದವು, ಸಸಿಗಳಲ್ಲಿ ಏಳೋ ಎಂಟೋ ಉಳಿದಿದ್ದವು. ಒಬ್ಬ ಹುಡುಗಿ ತನ್ನ ಹೆಸರಿನ ಪಕ್ಕದ ಒಣಕಡ್ಡಿಯನ್ನು ನೋಡುತ್ತ ಅಲುಗಾಡದೆ ನಿಂತುಬಿಟ್ಟಳು. ನಡುವಿನ ಅರುವತ್ತು ದಿನ ನೀರು ಹಾಕುವವರು ಯಾರು ಎಂದು ನಾನು ಯೋಚಿಸಿಯೇ ಇರಲಿಲ್ಲ. ಆದ್ದರಿಂದ ನನ್ನ ಮೊದಲ ಸಲಹೆ: ಮಗುವಿನ ಹೆಸರಿನಲ್ಲಿ ಗಿಡ ನೆಡಿಸಬೇಡಿ. ಸಾಲು ಕೊಡಿ. ಮೂರು ಮಕ್ಕಳಿಗೆ ಒಂದು ಸಾಲು ಮೆಂತ್ಯ. ಇಪ್ಪತ್ತೈದು ಮೂವತ್ತು ದಿನದಲ್ಲಿ ಕೈಗೆ ಬರುತ್ತದೆ, ನಾಲ್ಕು ಗಿಡ ಸತ್ತರೆ ಯಾರೂ ಅಳುವುದಿಲ್ಲ. ಸೋಮವಾರದಿಂದ ಶನಿವಾರದವರೆಗೆ ನೀರುಣಿಸುವವರ ಹೆಸರನ್ನೂ ಆ ಸಾಲಿನ ಫಲಕದ ಮೇಲೆ ಬರೆಯಿರಿ.

ಆ ಹೆಸರು ಬಹುಶಃ ನಿಮ್ಮ ಇಂಡಿಯ ಹೆಣ್ಣುಮಗಳದ್ದು. ನಿಮ್ಮ ಪತ್ರದಲ್ಲಿ ಆಕೆಗೆ ಸಿಕ್ಕಿದ್ದು ಒಂದೇ ವಾಕ್ಯ. ನನ್ನ ಲೆಕ್ಕದಲ್ಲಿ ನಿಮ್ಮ ಶಾಲೆಯ ಮುಖ್ಯ ಶಿಕ್ಷಕಿ ಆಕೆಯೇ. ಮೊದಲ ಮಳೆ ಬಿದ್ದು ವಾರವಾದ ಮೇಲೆ ಆಕೆಯ ಕೈಯಲ್ಲಿ ಕಳೆ ತೆಗೆಯುವ ಕುರ್ಪಿ ಕೊಟ್ಟು, ಮಕ್ಕಳನ್ನು ಆಕೆಯ ಹಿಂದೆ ಸಾಲಾಗಿ ಕೂರಿಸಿ. ಕೆಲಸ ಇಷ್ಟೇ: ಜೇಕು ಎಂಬ ಕಳೆ ತೆಗೆಯುವುದು. ಮಕ್ಕಳು ಹುಲ್ಲಿನ ಜುಟ್ಟು ಹಿಡಿದು ಎಳೆಯುತ್ತಾರೆ, ಪಟ್ ಎಂದು ಕಿತ್ತು ಬರುತ್ತದೆ, ಗೆದ್ದೆವು ಎಂದುಕೊಳ್ಳುತ್ತಾರೆ. ಎರಡು ವಾರ ಬಿಟ್ಟು ಬಂದರೆ ಅದೇ ಜಾಗದಲ್ಲಿ ಜೇಕು ತಲೆಯೆತ್ತಿ ನಿಂತಿರುತ್ತದೆ. ಈಗ ಪ್ರಶ್ನೆ ಹುಟ್ಟುತ್ತದೆ, ನೀವು ಕೇಳಬೇಕಾಗಿಲ್ಲ. ಆಗ ಆಕೆ ಕುರ್ಪಿಯ ಮೊನೆಯನ್ನು ಗಿಡದ ಪಕ್ಕಕ್ಕೆ ಊರಿ ಮಣ್ಣನ್ನು ಸಡಿಲಿಸಿ ಎತ್ತುತ್ತಾಳೆ. ಕಪ್ಪು ಗಡ್ಡೆಯೊಂದು ಕಾಣುತ್ತದೆ, ಕಡಲೆಕಾಳಿಗಿಂತ ತುಸು ದೊಡ್ಡದು. ಅದರಿಂದ ದಾರದಂಥ ಬೇರು, ಅದರ ತುದಿಗೆ ಇನ್ನೊಂದು ಗಡ್ಡೆ, ಅಲ್ಲಿಂದ ಮತ್ತೊಂದು. ಸರ ಎಲ್ಲಿ ಮುಗಿಯುತ್ತದೆ ಎಂದು ಹುಡುಕುತ್ತ ಒಂಬತ್ತು ವರ್ಷದ ಮಗು ಮೊಣಕಾಲೂರಿ ಅರ್ಧ ಗಂಟೆ ಅಗೆಯುವುದನ್ನು ನಾನು ಕಂಡಿದ್ದೇನೆ. ಮೂಸಿ ನೋಡಲು ಹೇಳಿ, ಗಡ್ಡೆಗೆ ಪರಿಮಳವಿದೆ. ಒಂದನ್ನು ಒದ್ದೆ ಮಣ್ಣಿನ ಲೋಟದಲ್ಲಿ, ಇನ್ನೊಂದನ್ನು ಬಿಸಿಲಲ್ಲಿ ಒಣಗಲು ಇಟ್ಟು ಯಾವುದು ಚಿಗುರುತ್ತದೆ ನೋಡಲಿ. ಬೇಸಿಗೆಯಲ್ಲಿ ಹೊಲವನ್ನು ಆಳವಾಗಿ ನೇಗಿಲು ಹೊಡೆದು ಬಿಸಿಲಿಗೆ ಬಿಡುವುದು ಏಕೆ ಎಂಬುದನ್ನು ಆಮೇಲೆ ಯಾರೂ ಬಾಯಿಪಾಠ ಮಾಡಬೇಕಾಗುವುದಿಲ್ಲ.

ಆಕೆಗೆ ಆ ದಿನದ ಕೂಲಿ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಪಾಠ ಮಾಡಿದವರಿಗೆ ಕೊಡುವ ಸಂಭಾವನೆ ಕೊಡಿ, ಮಕ್ಕಳ ಮುಂದೆಯೇ ಕೊಡಿ. ಕೃಷಿ ಶಿಕ್ಷಣದ ಕಾರ್ಯಾಗಾರಗಳಲ್ಲಿ ಕೋಟು ಹಾಕಿದವನಿಗೆ ಶಾಲು, ಕುರ್ಪಿ ಹಿಡಿದವಳಿಗೆ ಬರೀ ಚಹ ಸಿಗುವುದನ್ನು ಜೀವಮಾನವಿಡೀ ನೋಡಿ ನನಗೆ ಸಾಕಾಗಿದೆ.

ಇನ್ನು ಮಕ್ಕಳ ವಯಸ್ಸಿನ ಮಾತು. ಐದಾರು ವರ್ಷದವರಿಗೆ ಹೆಚ್ಚು ಯೋಜನೆ ಬೇಡ: ನೀರು, ಮಣ್ಣು, ಕೋಳಿಮರಿ, ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾವಣೆ, ಆಮೇಲೆ ಊಟ. ಹದಿಮೂರು ಹದಿನಾಲ್ಕರವರಿಗೆ ಮಣ್ಣಿಗಿಂತ ಹಣದ ಲೆಕ್ಕ ರುಚಿಸುತ್ತದೆ. ಖರ್ಚಿನ ವಹಿಯನ್ನು ಅವರಿಗೇ ಒಪ್ಪಿಸಿ. ನಿಮ್ಮ ಬೆಳೆಯ ನಾಲ್ಕು ಕ್ರೇಟ್ ಜೊತೆಗೆ ಒಂದು ದಿನ ನಸುಕಿನಲ್ಲಿ ಗುಲ್ಟೇಕಡಿಯ ಸಗಟು ಮಾರ್ಕೆಟ್ ಯಾರ್ಡ್‌ಗೆ ಕರೆದೊಯ್ಯಿರಿ. ಹಮಾಲಿ, ಗಾಡಿ ಬಾಡಿಗೆ ಕಳೆದು ಕೈಗೆ ಎಷ್ಟು ಬಂತು, ಅದೇ ಸಂಜೆ ನಿಮ್ಮ ಮನೆಯ ಕೆಳಗಿನ ಅಂಗಡಿಯಲ್ಲಿ ಅದೇ ಟೊಮೆಟೊಗೆ ಎಷ್ಟು ಎಂದು ಬರೆದಿಡಲಿ. ಜಗಳವಾಗುತ್ತದೆ. ಆಗಲಿ.

ಎಂಟರಿಂದ ಹನ್ನೆರಡರ ಮಕ್ಕಳೇ ನಿಮ್ಮ ನಿಜವಾದ ಬಳಗ. ಇವರಿಗಾಗಿ ಜೂನ್‌ನಲ್ಲಿ ಒಂದೆರಡು ಗುಂಟೆ ಶೇಂಗಾ ಬಿತ್ತಿ. ಹೊಲದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಬೆಳೆ ನನಗೆ ಗೊತ್ತಿಲ್ಲ. ಬಿತ್ತುವ ಮೊದಲೇ ಪ್ರತಿ ಮಗುವಿನ ಕೈಗೆ ಕಾಗದ ಕೊಟ್ಟು, ಕಾಯಿ ಗಿಡದಲ್ಲಿ ಎಲ್ಲಿ ಬರುತ್ತದೆ, ಚಿತ್ರ ಬರೆಯಿರಿ ಎನ್ನಿ. ಅರ್ಧ ಜನ ಕೊಂಬೆಗೆ ತೂಗುಹಾಕುತ್ತಾರೆ, ಇನ್ನರ್ಧ ಬೇರಿಗೆ ಅಂಟಿಸುತ್ತಾರೆ. ಯಾವುದನ್ನೂ ತಿದ್ದಬೇಡಿ, ಕಾಗದ ಮಡಚಿಡಿ. ತಿಂಗಳೊಪ್ಪತ್ತಿನಲ್ಲಿ ಹಳದಿ ಹೂವು ಬರುತ್ತದೆ, ನೆಲದ ಮೇಲೆ. ಕೊಂಬೆಯವರು ಗೆದ್ದೆವೆಂದು ಕೂಗುತ್ತಾರೆ. ಮುಂದಿನ ಭೇಟಿಯಲ್ಲಿ ಹೂವು ಬಾಡಿದ ಕಡೆಯಿಂದ ಸೂಜಿಯಂಥ ಎಳೆಯೊಂದು ತಲೆಕೆಳಗಾಗಿ ಮಣ್ಣಿನತ್ತ ಇಳಿಯುತ್ತಿರುತ್ತದೆ. ಕೆಲವು ಆಗಲೇ ಒಳಹೊಕ್ಕಿರುತ್ತವೆ. ಈಗ ಎರಡು ಗಿಡಗಳ ಬುಡದ ಸುತ್ತ ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿ ಎಳೆಗಳು ಮಣ್ಣು ಮುಟ್ಟದಂತೆ ಮಾಡಿ. ಅಕ್ಟೋಬರ್‌ನಲ್ಲಿ ಗಿಡ ಕಿತ್ತಾಗ ಪಕ್ಕದ ಗಿಡಗಳಲ್ಲಿ ಕಾಯಿ ಗೊಂಚಲು, ಹಾಳೆ ಹಾಸಿದವುಗಳಲ್ಲಿ ಒಣಗಿದ ಸೂಜಿಗಳು. ಜೂನ್‌ನ ಕಾಗದ ಬಿಚ್ಚುವ ಹೊತ್ತು ಅದು. ಊಹೆ ಮೊದಲು, ನೋಟ ಆಮೇಲೆ, ವಿವರಣೆ ಎಲ್ಲಕ್ಕಿಂತ ಕೊನೆಗೆ: ಈ ಅನುಕ್ರಮ ಒಂದನ್ನು ನೀವು ಬಿಡದಿದ್ದರೆ ಸಾಕು. ನಾವು ದೊಡ್ಡವರು ತಡೆಯಲಾರದೆ ವಿವರಣೆಯನ್ನು ಮೊದಲೇ ಉದುರಿಸಿಬಿಡುತ್ತೇವೆ.

ನಿಮ್ಮ ಮಾವನವರು ಪ್ರವೇಶ ಮಾಡಬೇಕಾದ್ದು ಇಲ್ಲಿಯೇ. ಶೇಂಗಾ ಹೂವು ಬಿಟ್ಟು ಸೂಜಿ ಇಳಿಯಲು ಶುರುವಾದ ಮೇಲೆ ಸಾಲುಗಳ ನಡುವೆ ಕಳೆ ತೆಗೆಯುವ ಎಡೆಕುಂಟೆ ಹೊಡೆಯಬಾರದು ಎಂಬುದು ಅವರಿಗೆ ಖಂಡಿತ ಗೊತ್ತಿರುತ್ತದೆ. ಕಟ್ಟಳೆಯನ್ನು ಅವರು ಹೇಳಲಿ, ಕಾರಣವನ್ನು ಮಕ್ಕಳು ಹುಡುಕಲಿ. ಅವರು ನಿಮ್ಮನ್ನು ತಿದ್ದುವುದು ನೀವು ತಪ್ಪು ಹೇಳುತ್ತೀರಿ ಎಂದೇ ಇರಲಾರದು. ಐವತ್ತು ವರ್ಷ ಬೇಸಾಯ ಮಾಡಿದವರನ್ನು ಹೊಲದ ಬದುವಿನ ಮೇಲೆ ಪ್ರೇಕ್ಷಕರಾಗಿ ಕೂರಿಸಿದರೆ ಅವರು ಇನ್ನೇನು ಮಾಡಬೇಕು? ಅವರ ಪದ್ಧತಿಗೂ ನೀವು ಓದಿ ತಿಳಿದದ್ದಕ್ಕೂ ತಾಳೆಯಾಗದಿದ್ದರೆ ವಾದಿಸಬೇಡಿ. ನಾಲ್ಕು ಸಾಲು ಅವರ ಅಂತರದಲ್ಲಿ, ನಾಲ್ಕು ಸಾಲು ನಿಮ್ಮ ಅಂತರದಲ್ಲಿ ಬಿತ್ತಿ, ಕಿತ್ತಾಗ ತೂಗಿ ನೋಡಿ. ವಿಜಯಪುರದ ಎರೆಮಣ್ಣಿನಲ್ಲಿ ನಿಜವಾದದ್ದು ಸಾಸವಡದ ಮುರುಮ್, ಅಂದರೆ ಗರಸು, ನೆಲದಲ್ಲಿ ನಿಜವಾಗದೆಯೂ ಇರಬಹುದು. ಸೋತರೂ ಗೆದ್ದರೂ ಅದು ಮಣ್ಣಿನ ಮೇಲೆ ಹೋಗುತ್ತದೆ, ಮಾವ ಸೊಸೆಯ ಮೇಲೆ ಬರುವುದಿಲ್ಲ.

ಹಿರಿಯರಿಗೆ ಕಲಿಸುವುದು ಮಕ್ಕಳಿಗೆ ಕಲಿಸಿದಂತಲ್ಲ ಎಂದು ನಾನು ತಡವಾಗಿ ಕಲಿತೆ. ಮಗುವಿಗೆ ತಿಳಿಯದಿರುವುದು ನಾಚಿಕೆಯ ಸಂಗತಿಯಲ್ಲ, ಅಪ್ಪನಿಗೆ ಹೌದು, ಅದರಲ್ಲೂ ಮಗನ ಎದುರಿಗೆ. ಪುಣೆಯ ನಮ್ಮ ಜನರಲ್ಲಿ ಬಹಳಷ್ಟು ಮಂದಿ ಒಕ್ಕಲುತನ ಬಿಟ್ಟು ಬಂದವರ ಮಕ್ಕಳು. ಕೆಲವರು ಊರಿನ ಹೊಲ ಮಾರಿ ಇಲ್ಲಿ ಮನೆ ಕೊಂಡವರು. ಅವರಿಗೆ ಕುಂಟೆಯ ಮೇಣಿ ಹಿಡಿಯುವುದೆಂದರೆ ವಿಹಾರವಲ್ಲ. ಇಸ್ಪೀಟಿನ ಹಿಂದೆ ಇಂಥದ್ದೂ ಇರಬಹುದು. ಆದ್ದರಿಂದ ಮೊದಲ ಒಂದು ಗಂಟೆ ಹಿರಿಯರನ್ನೂ ಮಕ್ಕಳನ್ನೂ ಬೇರೆ ಬೇರೆ ಇಡಿ. ಒಟ್ಟಿಗೆ ಕೆಲಸ ಮಾಡುವಾಗಲೂ ತಾಯಿ ತಂದೆ ತಮ್ಮ ಮಗುವಿನ ಗುಂಪಿನಲ್ಲಿ ಇರದಂತೆ ನೋಡಿಕೊಳ್ಳಿ. ಇದ್ದರೆ ಮಗುವಿನ ಕೈಯಿಂದ ಕುರ್ಪಿ ಕಸಿದು ತಾವೇ ಮಾಡಿಬಿಡುತ್ತಾರೆ, ಇಲ್ಲವೇ ಫೋಟೊ ತೆಗೆಯುತ್ತ ನಿಲ್ಲುತ್ತಾರೆ.

ಹಿರಿಯರಿಗಾಗಿ ನಾನು ನಂಬುವ ಒಂದೇ ಪದ್ಧತಿ ರೈತರ ಕ್ಷೇತ್ರ ಪಾಠಶಾಲೆ. ಅದು ಹುಟ್ಟಿದ ಕಥೆ ಕೇಳುವಂಥದ್ದು. ಇಂಡೊನೇಷ್ಯಾದ ಭತ್ತದ ಗದ್ದೆಗಳಲ್ಲಿ ಕಂದು ಜಿಗಿಹುಳುವಿನ ಕಾಟ. ಔಷಧ ಹೊಡೆದಷ್ಟೂ ಹುಳು ಹೆಚ್ಚಾಯಿತು, ಏಕೆಂದರೆ ಹುಳುವನ್ನು ತಿನ್ನುವ ಜೇಡಗಳೇ ಮೊದಲು ಸತ್ತವು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. ಆದರೆ ರೈತನಿಗೆ ಬೇಡ ಎಂದು ಹೇಳಿದರೆ ಸಾಲದು, ಗದ್ದೆಯನ್ನು ನೋಡಲು ಬರಬೇಕಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ 1989ರಲ್ಲಿ ಈ ಪಾಠಶಾಲೆಗಳು ಶುರುವಾದವು. ಇಪ್ಪತ್ತೈದರಷ್ಟು ರೈತರು, ವಾರಕ್ಕೊಮ್ಮೆ, ಬಿತ್ತನೆಯಿಂದ ಕಟಾವಿನವರೆಗೆ. ಭಾಷಣವಿಲ್ಲ. ಗದ್ದೆಗಿಳಿದು ಗಿಡಗಳನ್ನು ಎಣಿಸುತ್ತಾರೆ, ಬಂದು ದೊಡ್ಡ ಹಾಳೆಯಲ್ಲಿ ಗಿಡದ ಚಿತ್ರ ಬರೆದು, ಒಂದು ಬದಿಗೆ ಶತ್ರುಹುಳು, ಇನ್ನೊಂದು ಬದಿಗೆ ಮಿತ್ರಹುಳು ಬರೆಯುತ್ತಾರೆ, ಈ ವಾರ ಏನು ಮಾಡಬೇಕು ಎಂದು ತಾವೇ ತೀರ್ಮಾನಿಸುತ್ತಾರೆ. ಕಲಿಸುವವನ ಕೆಲಸ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ‘ನಿಮಗೇನು ಕಾಣಿಸಿತು?’ ಎಂದು ಮರಳಿ ಕೇಳುವುದು. ಮೂವತ್ತು ವರ್ಷ ಉತ್ತರ ಕೊಟ್ಟೇ ಸಂಬಳ ಪಡೆದ ನನ್ನಂಥವರಿಗೆ ಇದು ಬಹಳ ಕಷ್ಟದ ಕೆಲಸ.

ನಿಮ್ಮಲ್ಲಿ ಅಷ್ಟು ಜನರಿಲ್ಲ, ವಾರವಾರ ಬರಲೂ ಆಗುವುದಿಲ್ಲ. ಆದರೂ ಈ ಹಾಳೆಯ ಪದ್ಧತಿ ಹಾಗೆಯೇ ಹೊಂದುತ್ತದೆ. ಹತ್ತು ಅಲಸಂದೆ ಗಿಡ ಆಯ್ದುಕೊಳ್ಳಿ. ಸಸ್ಯಹೇನು ಎಷ್ಟು, ಅದನ್ನು ತಿನ್ನುವ ಗುಲಗಂಜಿ ಹುಳು ಎಷ್ಟು, ಅದರ ಮರಿ ಎಷ್ಟು ಎಂದು ಪ್ರತಿ ಭೇಟಿಯಲ್ಲಿ ಎಣಿಸಿ ಬರೆಯಿರಿ. ಮರಿ ಮೊಸಳೆಯ ಹಾಗಿರುತ್ತದೆ, ಅದನ್ನೇ ಕೀಡೆ ಎಂದು ಹೊಸಕಿಹಾಕುವವರು ಬಹಳ ಮಂದಿ. ಇಸ್ಪೀಟಿನ ತಂಡಕ್ಕೆ ಎಣಿಸುವುದೂ ಲೆಕ್ಕವಿಡುವುದೂ ಚೆನ್ನಾಗಿ ಬರುತ್ತದೆ ಎಂಬುದು ನನ್ನ ಅನುಭವ. ಪಂಪ್ ಎಷ್ಟು ಹೊತ್ತು ಓಡಿತು, ಎಷ್ಟು ನೀರು ಬಂತು, ಹನಿ ನೀರಾವರಿಯ ಯಾವ ತೂತು ಕಟ್ಟಿದೆ ಎಂಬ ಹೊಣೆಯನ್ನೂ ಅವರಿಗೇ ಕಟ್ಟಿ. ಇದರ ಜೊತೆಗೆ ಮಣ್ಣು. ದೀಪಾವಳಿಗೆ ಊರಿಗೆ ಹೋದವರು ತಂತಮ್ಮ ಹೊಲದ ಒಂದು ಹಿಡಿ ಮಣ್ಣು ತರಲಿ, ಹೊಲ ಮಾರಿದವರು ಬದುವಿನಿಂದ ತರಲಿ. ಗಾಜಿನ ಸೀಸೆಯಲ್ಲಿ ನೀರು ಹಾಕಿ ಕುಲುಕಿ ಇಟ್ಟರೆ ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ನುಣುಪು ಮಣ್ಣಿಗೆ ಕೆಲವು ಗಂಟೆ, ಜೇಡಿ ಮಾರನೆಯ ದಿನವೂ ನೀರನ್ನು ಕಲಕಾಗಿಯೇ ಇಡುತ್ತದೆ. ಸಾಲಾಗಿ ಇಟ್ಟ ಸೀಸೆಗಳ ಮುಂದೆ ಗಂಡಸರು ಮಾತನಾಡಲು ಶುರು ಮಾಡಿದರೆ ನೀವು ಸುಮ್ಮನಿರಿ. ಮಕ್ಕಳು ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಲಿ.

ಡಿಸೆಂಬರ್ ಜನವರಿಯಲ್ಲಿ ಪುಣೆಯ ಸುತ್ತಲಿನ ಹೊಲಗಳಲ್ಲಿ ಹುರಡಾ ತಿನ್ನಲು ಜನ ದುಡ್ಡು ಕೊಟ್ಟು ಹೋಗುತ್ತಾರೆ. ಕೆಂಡದಲ್ಲಿ ಸುಟ್ಟ ಎಳೆ ಜೋಳದ ತೆನೆಯ ಕಾಳು, ನಮ್ಮ ಕಡೆಯ ಸೀತನಿಯೇ ಅದು. ಸೆಪ್ಟೆಂಬರ್ ಕೊನೆಗೆ ಅರ್ಧ ಎಕರೆ ಮಾಲದಂಡಿ ಜೋಳ ಬಿತ್ತಿದರೆ ಸೀತನಿ ನಿಮ್ಮ ಹೊಲದ್ದೇ ಆಗುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಅಥವಾ ಅದರ ಹತ್ತಿರದ ಭಾನುವಾರ ಮನೆಯ ಹಿರಿಯ ಹೆಂಗಸರು ಚರಗ, ಅಂದರೆ ಹೊಲಕ್ಕೆ ಎಡೆ, ಚೆಲ್ಲಲಿ. ಆ ದಿನ ಪಾಠ ಮಾಡಬೇಡಿ. ಸಜ್ಜೆ ಕಡುಬು ಕಟ್ಟಿಕೊಂಡು ಹೋಗಿ, ಅಷ್ಟೆ.

ಭಾಷೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಮರಾಠಿ, ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಕನ್ನಡ ಬರಲಿ ಎಂಬ ಆಸೆಯಿಂದ ಕೆಲವರು ಹೊಲವನ್ನು ಪದಕೋಶ ಮಾಡಿಬಿಡುತ್ತಾರೆ. ಉಪಕರಣ ಕೈಯಲ್ಲಿರುವಾಗ ಹೆಸರು ತಾನಾಗಿ ಅಂಟುತ್ತದೆ. ಬಿತ್ತುವ ನಮ್ಮ ಕೂರಿಗೆ ಪಕ್ಕದ ಹೊಲದವರಿಗೆ ತಿಫಣ, ನಮ್ಮ ಎಡೆಕುಂಟೆ ಅವರಿಗೆ ಕೋಳಪೆ, ನಮ್ಮ ಕುರ್ಪಿ ಅವರ ಖುರಪೆ. ಪಕ್ಕದ ಮರಾಠಿ ರೈತರನ್ನೂ ಒಂದು ದಿನ ಕರೆಯಿರಿ. ಯಾರ ಹೆಸರು ಸರಿ ಎಂದು ಮಕ್ಕಳು ಜಗಳವಾಡುತ್ತ ಎರಡನ್ನೂ ಕಲಿತಿರುತ್ತಾರೆ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ನಾನು ಹಳೆಯ ಕಾಲದ ಮೇಷ್ಟ್ರು. ನಿಮ್ಮ ಹೊಲದಲ್ಲಿ ಅಥವಾ ಪಕ್ಕದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ, ಅಲ್ಲಿಯವರು ಶೇತತಳೆ ಎನ್ನುವುದು, ಇದ್ದರೆ ಹಾವಿಗಿಂತ ಮೊದಲು ಅದಕ್ಕೆ ಹೆದರಿ. ಒದ್ದೆಯಾದ ಹಾಳೆ ಎಷ್ಟು ಜಾರುತ್ತದೆಂದರೆ ಈಜು ಬಲ್ಲ ದೊಡ್ಡವನೂ ಬಿದ್ದರೆ ಹತ್ತಿ ಬರಲಾರ. ಸುತ್ತ ಬೇಲಿ, ಬೇಲಿಗೆ ಬೀಗ, ಒಳಗಡೆ ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಅಥವಾ ಹಳೆಯ ಟೈರುಗಳ ಏಣಿ. ಇದು ಆಗುವವರೆಗೆ ಮಕ್ಕಳನ್ನು ಕರೆದೊಯ್ಯಲೇಬೇಡಿ. ಕೀಟನಾಶಕ ಔಷಧದ ಡಬ್ಬಿಗಳು ಬೀಗದೊಳಗೆ ಇರಲಿ, ಖಾಲಿ ಡಬ್ಬಿಯಲ್ಲಿ ನೀರು ತುಂಬಿಡುವ ಚಾಳಿ ಕೂಡದು. ಮಳೆಗಾಲದಲ್ಲಿ ಗಮ್ ಬೂಟ್, ಕಲ್ಲಿನ ಗುಡ್ಡೆ ಮತ್ತು ಕಟ್ಟಿಗೆ ರಾಶಿಯಲ್ಲಿ ಕೈ ಹಾಕಬಾರದು, ಧನುರ್ವಾಯು ಲಸಿಕೆ ಎಲ್ಲರಿಗೂ ಆಗಿರಲಿ, ದನ ಕೋಳಿ ಮುಟ್ಟಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯದೆ ತಿನ್ನಬಾರದು. ಹಾವಿನ ವಿಷಕ್ಕೆ ಚುಚ್ಚುಮದ್ದು ಇಡುವ ಹತ್ತಿರದ ಆಸ್ಪತ್ರೆ ಯಾವುದು ಎಂದು ಈಗಲೇ ಹೋಗಿ ಕೇಳಿ, ಫೋನ್ ಸಂಖ್ಯೆಯನ್ನು ಗುಡಿಸಲಿನ ಗೋಡೆಯ ಮೇಲೆ ಬರೆದಿಡಿ.

ದಿನದ ಹೊಂದಿಕೆಯನ್ನು ಬಹಳ ಬಿಗಿ ಮಾಡಬೇಡಿ. ಬೆಳಿಗ್ಗೆ ಎಂಟಕ್ಕೆ ಹೊಲದಲ್ಲಿ ಇರಿ. ಮೊದಲು ಹತ್ತು ನಿಮಿಷ ಎಲ್ಲರೂ ಸುಮ್ಮನೆ ಒಂದು ಸುತ್ತು ನಡೆಯಿರಿ, ಹಿಂದಿನ ಸಲಕ್ಕಿಂತ ಏನು ಬದಲಾಗಿದೆ ಎಂದು ಒಬ್ಬೊಬ್ಬರು ಒಂದೊಂದು ಹೇಳಲಿ. ಆಮೇಲೆ ಒಂದೇ ಒಂದು ದೊಡ್ಡ ಕೆಲಸ, ಎರಡಲ್ಲ. ಹನ್ನೊಂದಕ್ಕೆ ಬಿಸಿಲು ಏರುವ ಮೊದಲು ನೆರಳಿಗೆ ಬಂದು ಹಾಳೆ ಬರೆಯುವುದು, ಊಟ. ಊಟದ ನಂತರ ಯಾರೂ ಏನನ್ನೂ ಕಲಿಯುವುದಿಲ್ಲ. ಆಗ ಇಸ್ಪೀಟು ಆಡಲಿ ಬಿಡಿ. ಆಷಾಢ ಏಕಾದಶಿಗೆಂದು ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಾಲಖಿ ಜ್ಯೇಷ್ಠದ ಕೊನೆಯ ದಿನಗಳಲ್ಲಿ ದಿವೆ ಘಾಟ್ ಏರಿ ಸಾಸವಡಕ್ಕೆ ಬರುತ್ತದೆ, ಆ ದಿನಗಳಲ್ಲಿ ರಸ್ತೆಯಲ್ಲಿ ವಾಹನ ನಡೆಯುವುದಿಲ್ಲ. ಪಂಚಾಂಗ ನೋಡಿ ಭಾನುವಾರ ಗೊತ್ತು ಮಾಡಿಕೊಳ್ಳಿ, ಇಲ್ಲವೇ ವಾರಕರಿಗಳ ಜೊತೆ ನಡೆದೇ ಹೋಗಿ.

ಸದ್ಯಕ್ಕೆ ಬೇಕಾದ್ದು ಆರು ಕುರ್ಪಿ, ಒಂದು ತಕ್ಕಡಿ, ಅಳತೆಯ ಪಟ್ಟಿ, ದೊಡ್ಡ ಹಾಳೆ, ಬಣ್ಣದ ಪೆನ್ಸಿಲ್. ಮಕ್ಕಳ ಕೈಗೆ ಕುರ್ಪಿಯ ಹಿಡಿ ಚಿಕ್ಕದಿರಬೇಕು, ಸಾಸವಡದ ಸಂತೆಯಲ್ಲಿ ಕಮ್ಮಾರರಿಗೆ ಹೇಳಿ ಮಾಡಿಸಿ. ಮೊದಲ ಮಳೆಯ ನಂತರದ ಭೇಟಿ ಮುಗಿದ ಮೇಲೆ ನನಗೆ ಒಂದು ಸಾಲು ಬರೆಯಿರಿ. ಜೇಕಿನ ಸರ ಎಷ್ಟು ಆಳಕ್ಕೆ ಹೋಗಿತ್ತು, ಎಷ್ಟು ಗಡ್ಡೆ ಸಿಕ್ಕವು ಎಂಬುದನ್ನು ಮಕ್ಕಳ ಕೈಯಿಂದಲೇ ಬರೆಸಿ ಕಳಿಸಿ.